ಹೈಸ್ಕೂಲಿಗೆ ಕಾಲಿಟ್ಟ ಮಗು ಎಡವುವುದು ಎಲ್ಲಿ?

ಹೈಸ್ಕೂಲು ಸೇರಿ ಮೂರನೇ ವಾರ. ರಾತ್ರಿ ಒಂಬತ್ತೂವರೆಗೆ ಹುಡುಗ ಬ್ಯಾಗನ್ನು ನೆಲಕ್ಕೆ ಸುರಿದುಕೊಂಡು ಕೂತಿದ್ದಾನೆ. ವಿಜ್ಞಾನದ ನೋಟ್ಸ್ ಇದೆ, ಲ್ಯಾಬ್ ರೆಕಾರ್ಡ್ ಇಲ್ಲ. ಗಣಿತದ ಹೋಂವರ್ಕ್ ಮಾಡಿದ್ದಾನೆ, ಆದರೆ ರಫ್ ಪುಸ್ತಕದಲ್ಲಿ. ಯಾವ ಪುಸ್ತಕದಲ್ಲಿ ಬರೆಯಬೇಕೆಂದು ಮೇಷ್ಟ್ರು ಹೇಳುವಾಗ ಅವನು ಹಿಂದಿನ ಪಿರಿಯಡ್ಡಿನ ಕೋಣೆಯಿಂದ ಓಡಿಬಂದು ಆಗಷ್ಟೇ ಬೆಂಚಿನ ಮೇಲೆ ಕೂತಿದ್ದನಂತೆ. ನಾಳೆ ಮೊದಲ ಪಿರಿಯಡ್ ಯಾವುದು ಎಂದರೆ ಟೈಮ್‌ಟೇಬಲ್ ನೋಡಬೇಕು. ಟೈಮ್‌ಟೇಬಲ್ ಬರೆದುಕೊಂಡದ್ದು ಸಿಗದೇ ಹೋಗಿರುವ ಅದೇ ಲ್ಯಾಬ್ ರೆಕಾರ್ಡಿನ ಕೊನೆಯ ಪುಟದಲ್ಲಿ.

"ಹೋದ ವರ್ಷ ಹೀಗಿರ್ಲಿಲ್ವಲ್ಲೋ ನೀನು" ಅಂದಳು ಬಾಗಿಲಲ್ಲಿ ನಿಂತ ಅಮ್ಮ. ಹುಡುಗ ತಲೆ ಎತ್ತಲಿಲ್ಲ.

ಆ ಅಮ್ಮ ನಾನೇ. ಹೈಸ್ಕೂಲಿಗೆ ಹೊಸದಾಗಿ ಬರುವ ಮಕ್ಕಳಿಗೆ ಕ್ಲಾಸ್ ಟೀಚರ್ ಆಗಿ ಹಲವು ವರ್ಷ ಕೆಲಸ ಮಾಡಿದವಳು. ಬೇರೆಯವರ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮಂದಿರಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದವಳ ಬಾಯಿಂದ ಸ್ವಂತ ಮಗನಿಗೆ ಬಂದ ಮಾತು ಇದು. ಆಡಿದ ಮೇಲೆ ಬಹಳ ಹೊತ್ತು ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಹೋದ ವರ್ಷ ಅವನು ಹೀಗಿರಲಿಲ್ಲ, ನಿಜ. ಆದರೆ ಹೋದ ವರ್ಷ ಈ ಕೆಲಸವೂ ಅವನ ಪಾಲಿಗೆ ಬಂದಿರಲಿಲ್ಲ.

ದೊಡ್ಡ ಶಾಲೆಗೆ ಹೋದ ಮಗು ಹಿಂದೆ ಬಿದ್ದರೆ ನಾವು ಪಾಠ ಕಷ್ಟವಾಯಿತೆಂದು ತಿಳಿದು ಟ್ಯೂಷನ್ ಹುಡುಕಲು ಓಡುತ್ತೇವೆ. ನಾನು ನೋಡಿದ ಮಟ್ಟಿಗೆ ಮೊದಲ ಕೆಲವು ವಾರ ಮಕ್ಕಳು ಎಡವುವುದು ಪಾಠದ ಸುತ್ತಮುತ್ತ ಇರುವ ಕೆಲಸಗಳಲ್ಲಿ. ಯಾವ ದಿನ ಯಾವ ಪುಸ್ತಕ, ಯಾರ ಪಕ್ಕ ಕೂರುವುದು, ಅರ್ಥವಾಗದಿದ್ದರೆ ಯಾರನ್ನು ಕೇಳುವುದು, ನನ್ನನ್ನು ಇಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆಯೇ, ಇಂಥವು.

ಟೀಚರ ತಲೆಯಲ್ಲಿದ್ದ ಮಗುವಿನ ನೆನಪು

ಪ್ರೈಮರಿ ಶಾಲೆಯಲ್ಲಿ ಸಾಮಾನ್ಯವಾಗಿ ಒಂದು ಕೋಣೆ, ದಿನದ ಬಹುಪಾಲು ಒಬ್ಬರೇ ಟೀಚರ್. ನಾಳೆ ಡ್ರಾಯಿಂಗ್ ಪುಸ್ತಕ ತರಬೇಕೆಂದು ಸಂಜೆ ಎರಡು ಸಲ ಹೇಳುವವರು ಅವರು. ಮರೆತು ಬಂದವನಿಗೆ ಒಂದು ಹಾಳೆ ಕೊಡುವವರೂ ಅವರೇ. ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗಣಿತದಲ್ಲಿ ಲೆಕ್ಕ ಹೆಚ್ಚು ಕೊಟ್ಟ ದಿನ ಆ ಟೀಚರ್ ಭಾಷೆಯ ಹೋಂವರ್ಕನ್ನು ತಾವಾಗಿ ಕಡಿಮೆ ಮಾಡುತ್ತಿದ್ದರು, ಏಕೆಂದರೆ ಎರಡನ್ನೂ ಕೊಡುವ ಕೈ ಒಂದೇ. ಮಗುವಿನ ದಿನ ಪೂರ್ತಿಯಾಗಿ ಒಬ್ಬ ದೊಡ್ಡವರ ಕಣ್ಣ ಮುಂದೆ ಇರುತ್ತಿತ್ತು.

ಹೈಸ್ಕೂಲಿನಲ್ಲಿ ಆ ದಿನ ಏಳೆಂಟು ಜನರಿಗೆ ಹಂಚಿಹೋಗುತ್ತದೆ. ಒಬ್ಬ ವಿಜ್ಞಾನದ ಮೇಷ್ಟ್ರು 40 ಮಕ್ಕಳಿರುವ 5 ಸೆಕ್ಷನ್ನುಗಳಿಗೆ ಪಾಠ ಮಾಡಿದರೆ ಅವರ ಎದುರಿಗೆ 200 ಮುಖಗಳು. ಅವರು ಎಷ್ಟೇ ಒಳ್ಳೆಯವರಿರಲಿ, ನಿಮ್ಮ ಮಗುವಿಗೆ ಗುರುವಾರವೇ ಮೂರು ಟೆಸ್ಟ್ ಬಿದ್ದಿದೆ ಎಂಬುದು ಅವರಿಗೆ ಗೊತ್ತಾಗುವ ದಾರಿಯಿಲ್ಲ. ಆ ಮೂರನ್ನೂ ಒಟ್ಟಿಗೆ ಕಾಣುವ ವ್ಯಕ್ತಿ ಇಡೀ ಶಾಲೆಯಲ್ಲಿ ಒಬ್ಬರೇ, ಅದು ನಿಮ್ಮ ಮಗು. ಟೀಚರ ತಲೆಯಲ್ಲಿದ್ದ ಅದರ ನೆನಪು, ಯೋಜನೆ, ಎಚ್ಚರಿಕೆ ಎಲ್ಲವೂ ಒಂದು ಬೇಸಿಗೆ ರಜೆ ಮುಗಿಯುವುದರೊಳಗೆ ಅದರ ತಲೆಗೇ ಬಂದು ಕೂತಿರುತ್ತದೆ. ಇದನ್ನು ಹೇಗೆ ಮಾಡಬೇಕೆಂದು ಯಾರೂ ಕೂರಿಸಿಕೊಂಡು ಕಲಿಸಿರುವುದಿಲ್ಲ.

ಈ ಭಾರ ಹೊರುವ ಜಾಗವೂ ಚಿಕ್ಕದು. ಒಂದು ಕ್ಷಣದಲ್ಲಿ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲ ಸಂಗತಿಗಳು ಎಷ್ಟು ಎಂಬ ಪ್ರಶ್ನೆ ಮನೋವಿಜ್ಞಾನದಲ್ಲಿ ಹಳೆಯದು. ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು 7 ಎಂದರು. ನೆಲ್ಸನ್ ಕೋವನ್ 2001ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಮತ್ತೆ ತೂಗಿ ನೋಡಿ, ದೊಡ್ಡವರಿಗೇ ಅದು 4ರ ಆಸುಪಾಸು ಎಂದರು. ಮಕ್ಕಳಲ್ಲಿ ಈ ಶಕ್ತಿ ಹದಿಹರೆಯದ ಉದ್ದಕ್ಕೂ ಬೆಳೆಯುತ್ತಲೇ ಇರುತ್ತದೆ. ಅಂಗೈಯಗಲದ ಸ್ಲೇಟು ಎಂದುಕೊಳ್ಳಿ. ಹಳೆಯ ಶಾಲೆಯಲ್ಲಿ ನೀರಿನ ನಲ್ಲಿ ಎಲ್ಲಿದೆ, ಬೆಲ್ಲಾದರೆ ಯಾವ ಕಡೆ ತಿರುಗಬೇಕು ಎಂಬುದಕ್ಕೆಲ್ಲ ಸ್ಲೇಟು ಬೇಕಿರಲಿಲ್ಲ, ಕಾಲಿಗೇ ಗೊತ್ತಿತ್ತು. ಹೊಸ ಶಾಲೆಯಲ್ಲಿ ಯಾವ ಮೆಟ್ಟಿಲು ಹತ್ತಬೇಕು, ತಡವಾದರೆ ಬೈಯುವ ಮೇಷ್ಟ್ರು ಯಾರು, ಪಕ್ಕದವಳ ಹೆಸರೇನು ಎಂಬುದೇ ಸ್ಲೇಟಿನ ಮುಕ್ಕಾಲು ತುಂಬುತ್ತದೆ. ಉಳಿದ ಮೂಲೆಯಲ್ಲಿ ಬೀಜಗಣಿತ ಬರೆದುಕೊಳ್ಳಬೇಕು. ಚುರುಕಾಗಿದ್ದ ಮಗು ಮೊದಲ ತಿಂಗಳು ಮಂಕಾದಂತೆ ಕಾಣುವುದಕ್ಕೆ ಇದು ದೊಡ್ಡ ಕಾರಣ. ದಾರಿಗಳು, ಹೆಸರುಗಳು, ಪದ್ಧತಿಗಳು ಅಭ್ಯಾಸವಾಗುತ್ತಿದ್ದಂತೆ ಸ್ಲೇಟು ತಾನಾಗಿ ಖಾಲಿಯಾಗುತ್ತದೆ.

ಮುಂದಿನದನ್ನು ಲೆಕ್ಕ ಹಾಕಿ ಇವತ್ತಿನ ಕೆಲಸ ಹೊಂದಿಸಿಕೊಳ್ಳುವುದಕ್ಕೆ ಹಣೆಯ ಹಿಂಭಾಗದ ಮಿದುಳಿನ ಭಾಗ ಮುಖ್ಯ. ಅದು ಪೂರ್ತಿ ಬಲಿಯುವುದು ಇಪ್ಪತ್ತರ ನಡುವಯಸ್ಸಿಗೆ. ಹನ್ನೆರಡು ಹದಿಮೂರರ ಮಗುವಿಗೆ "ಮುಂದಿನ ಸೋಮವಾರದ ಪ್ರಾಜೆಕ್ಟ್ ಈಗಿನಿಂದ ಶುರು ಮಾಡು" ಎಂದರೆ ಅದಕ್ಕೆ ಮಾತು ಅರ್ಥವಾಗುತ್ತದೆ, ಮುಂದಿನ ಸೋಮವಾರ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಸೋಮಾರಿ ಎಂಬ ಹೆಸರಿಡುವ ಮುನ್ನ ಇದನ್ನು ನೆನೆಯಬೇಕು.

ಬೇಕಾದಾಗಲೇ ಇಲ್ಲವಾಗುವುದು

ಶಾಲೆ ಬದಲಾಗುವ ವಯಸ್ಸು ಮೈ ಮನಸ್ಸು ಬದಲಾಗುವ ವಯಸ್ಸೂ ಹೌದು. ಜಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರೊಲ್ ಮಿಜ್ಲಿ ಎಂಬ ಅಮೆರಿಕದ ಸಂಶೋಧಕಿಯರು 1989ರಲ್ಲಿ ಒಂದು ಸರಳವಾದ, ನೋಯಿಸುವ ಮಾತು ಹೇಳಿದರು. ಆ ವಯಸ್ಸಿನ ಮಗುವಿಗೆ ಏನು ಬೇಕೋ ಹೊಸ ಶಾಲೆ ಅದಕ್ಕೆ ತಿರುಗುಮುರುಗಾದದ್ದನ್ನು ಕೊಡುತ್ತದೆ ಎಂದು. ತನ್ನ ತೀರ್ಮಾನ ತಾನೇ ತೆಗೆದುಕೊಳ್ಳಬೇಕೆಂಬ ಆಸೆ ಹುಟ್ಟುವ ಹೊತ್ತಿಗೆ ನಿಯಮಗಳು ಬಿಗಿಯಾಗುತ್ತವೆ. ಅಪ್ಪ ಅಮ್ಮನನ್ನು ಬಿಟ್ಟು ನಂಬಬಹುದಾದ ಇನ್ನೊಬ್ಬ ದೊಡ್ಡವರು ಬೇಕೆನಿಸುವ ಹೊತ್ತಿಗೆ ಟೀಚರುಗಳು ನಲವತ್ತು ನಿಮಿಷಕ್ಕೊಬ್ಬರಂತೆ ಬಂದು ಹೋಗುತ್ತಾರೆ. ತನ್ನನ್ನು ಇತರರ ಜೊತೆ ಹೋಲಿಸಿಕೊಂಡು ಕುಗ್ಗುವ ಹೊತ್ತಿಗೆ ರ‍್ಯಾಂಕು, ಸೆಕ್ಷನ್ನು, ಅಂಕಪಟ್ಟಿಗಳ ಹೋಲಿಕೆ ಶುರುವಾಗುತ್ತದೆ.

ಟೀಚರಾಗಿ ನನಗೆ ಈ ಮಾತು ಚುಚ್ಚಿತು, ಚುಚ್ಚಿದ್ದು ಒಳ್ಳೆಯದೇ ಆಯಿತು. ಒಂದು ವರ್ಷ ಎರಡನೇ ತಿಂಗಳಲ್ಲಿ ಹಾಜರಿ ಕರೆಯುವಾಗ ಕೊನೆಯ ಬೆಂಚಿನ ಒಬ್ಬ ಹುಡುಗಿ "ಪ್ರೆಸೆಂಟ್ ಮಿಸ್" ಅಂದಳು. ಆ ದನಿಯನ್ನು ಅದುವರೆಗೆ ಕೇಳಿದ ನೆನಪೇ ನನಗಾಗಲಿಲ್ಲ. ಪ್ರತಿದಿನ ಬಂದಿದ್ದಾಳೆ, ಪ್ರತಿದಿನ ಉತ್ತರಿಸಿದ್ದಾಳೆ, ನಾನು ರಿಜಿಸ್ಟರಿನಲ್ಲಿ ಗುರುತು ಹಾಕಿದ್ದೇನೆ. ಅಂದು ಬಿಡುವಿನಲ್ಲಿ ಕರೆದು ಹಳೆಯ ಶಾಲೆಯಲ್ಲಿ ಏನು ಇಷ್ಟವಿತ್ತೆಂದು ಕೇಳಿದೆ. "ಗಿಡಗಳಿಗೆ ನೀರು ಹಾಕೋ ಡ್ಯೂಟಿ ನಂದಾಗಿತ್ತು ಮಿಸ್. ಬೀಗದ ಕೈ ನನ್ನ ಹತ್ರಾನೇ ಇರ್ತಿತ್ತು" ಅಂದಳು. ಅಲ್ಲಿ ಬೀಗದ ಕೈ ಇಟ್ಟುಕೊಂಡ ದೊಡ್ಡ ಹುಡುಗಿ, ಇಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೆಸರು ಗೊತ್ತಿಲ್ಲದವಳು. ಹಂತ ಬದಲಾಗುವಾಗ ಮಗು ಕಳೆದುಕೊಳ್ಳುವುದು ಏನೆಂದು ಅವಳ ಆ ಒಂದು ಮಾತಿನಿಂದ ನನಗೆ ಮನದಟ್ಟಾಯಿತು.

ಇದರ ಮೇಲೆ ಇನ್ನೊಂದು ಹೊರೆ. ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ವಿವರಿಸಿದಂತೆ, ಈ ವಯಸ್ಸಿನವರಿಗೆ ಸದಾ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಎಂಬ ಭಾವನೆ ಬಲವಾಗಿರುತ್ತದೆ, ಎದುರಿಗೆ ಕಾಣದ ಪ್ರೇಕ್ಷಕರು ಕೂತಂತೆ. ತಪ್ಪು ಕೋಣೆಗೆ ಹೊಕ್ಕು ಹೊರಬಂದದ್ದು ನಮಗೆ ಐದು ಸೆಕೆಂಡಿನ ಸಂಗತಿ. ಮಗುವಿಗೆ ಅದು ಇಡೀ ಶಾಲೆ ನೋಡಿದ ಅವಮಾನ. "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ" ಎಂದು ನಾವು ತಳ್ಳಿಹಾಕಿದರೆ ಮುಂದಿನ ಸಲ ಅದು ಹೇಳುವುದೇ ಇಲ್ಲ.

ಓದಿನಲ್ಲಿ ಮುಂದಿದ್ದ ಮಕ್ಕಳ ಕಥೆ ಸ್ವಲ್ಪ ಬೇರೆ. ಚಿಕ್ಕ ಶಾಲೆಯಲ್ಲಿ ಮೊದಲನೆಯವಳಾಗಿದ್ದವಳು ದೊಡ್ಡ ಶಾಲೆಯಲ್ಲಿ ಹದಿನೈದನೆಯವಳಾದರೆ ಅವಳ ಬುದ್ಧಿ ಕಡಿಮೆಯಾಗಿರುವುದಿಲ್ಲ, ಅಳೆಯುವ ಕೋಲು ಬದಲಾಗಿರುತ್ತದೆ. ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ 1980ರ ದಶಕದಲ್ಲಿ ಈ ವಿದ್ಯಮಾನವನ್ನು ತೋರಿಸಿಕೊಟ್ಟರು. ಸಮಾನ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಸುತ್ತಲಿನವರೆಲ್ಲ ಜಾಣರಾಗಿರುವ ಶಾಲೆಯಲ್ಲಿ ಓದುವವರಿಗೆ ತಮ್ಮ ಓದಿನ ಮೇಲಿನ ನಂಬಿಕೆ ಕಡಿಮೆ ಇರುತ್ತದೆ. ಹೆಸರಾಂತ ಶಾಲೆಯಲ್ಲಿ ಸೀಟು ಸಿಕ್ಕಿತೆಂದು ಹಿಗ್ಗುವ ಮನೆಯವರು ಇದನ್ನು ತಿಳಿದಿದ್ದರೆ ಮೊದಲ ಅಂಕಪಟ್ಟಿ ಬಂದ ಸಂಜೆ ಮನೆ ಸ್ವಲ್ಪ ತಣ್ಣಗಿರುತ್ತದೆ.

ಅಂಕ ಇಳಿಯುವುದೂ ನಿಮ್ಮ ಮನೆಯೊಂದರ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಶಾಲೆ ಬದಲಾವಣೆಯನ್ನು ದಶಕಗಳ ಕಾಲ ಅಭ್ಯಸಿಸಿದ ಮಾರಿಸ್ ಗಾಲ್ಟನ್ ಮತ್ತು ಜೊತೆಗಾರರು 1999ರ ವರದಿಯಲ್ಲಿ, ಹೊಸ ಶಾಲೆಯ ಮೊದಲ ವರ್ಷ ಸುಮಾರು 5ರಲ್ಲಿ 2 ಮಕ್ಕಳು ನಿರೀಕ್ಷಿಸಿದಷ್ಟು ಮುಂದುವರಿಯುವುದಿಲ್ಲ ಎಂದು ಬರೆದರು.

ಕಾಲೂರಲು ಒಂದು ಜಾಗ

ಈ ವಿಷಯದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ತಿಳಿವು ಸಮಾಜವಿಜ್ಞಾನಿ ರಾಬರ್ಟಾ ಸಿಮನ್ಸ್ ಅವರದು. ಅವರು ಡೇಲ್ ಬ್ಲೈತ್ ಜೊತೆ ಅಮೆರಿಕದ ಮಿಲ್ವಾಕಿ ನಗರದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಶಾಲೆಯಲ್ಲಿ ಮುಂದುವರಿದವರಿಗೆ ಹೋಲಿಸಿದರೆ ಏಳನೇ ತರಗತಿಗೆ ಬೇರೆ ದೊಡ್ಡ ಶಾಲೆಗೆ ಹೋದ ಹುಡುಗಿಯರಲ್ಲಿ ಆತ್ಮಾಭಿಮಾನ ಕುಸಿದಿತ್ತು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಶಾಲೆ ಬದಲಾವಣೆ, ಮೈ ನೆರೆಯುವುದು, ಮನೆ ಬದಲಾಯಿಸುವುದು, ಮನೆಯಲ್ಲಿ ಏನಾದರೂ ಒಡಕು, ಇವು ಒಂದರ ಬೆನ್ನಿಗೊಂದು ಬಿದ್ದಷ್ಟೂ ಮಗು ಹೆಚ್ಚು ಸೊರಗುತ್ತಿತ್ತು. ಬದುಕಿನ ಒಂದಾದರೂ ವಲಯದಲ್ಲಿ ಮಗುವಿಗೆ ನೆಮ್ಮದಿ ಇರಬೇಕು, ಅಲ್ಲಿ ಕಾಲೂರಿ ನಿಂತು ಉಳಿದ ಬದಲಾವಣೆಗಳನ್ನು ಎದುರಿಸಬಲ್ಲದು ಎಂಬುದು ಸಿಮನ್ಸ್ ಅವರ ವಾದ. ಎಲ್ಲ ಕಡೆಯೂ ನೆಲ ಅಲುಗಾಡಿದರೆ ನಿಲ್ಲಲು ಜಾಗ ಎಲ್ಲಿ?

ಇದನ್ನು ಮನೆಯ ಮಟ್ಟಿಗೆ ತಂದುಕೊಂಡರೆ ಬಹಳಷ್ಟು ತೀರ್ಮಾನಗಳು ತಾವಾಗಿ ಆಗುತ್ತವೆ. ಹೈಸ್ಕೂಲಿನ ಮೊದಲ ವರ್ಷ "ಇನ್ನು ಓದು ಜಾಸ್ತಿ" ಎಂದು ಸಂಗೀತದ ಕ್ಲಾಸು ಬಿಡಿಸಬೇಡಿ, ಸಂಜೆಯ ಆಟ ನಿಲ್ಲಿಸಬೇಡಿ. ಅಲ್ಲಿ ಮಗುವನ್ನು ಎಲ್ಲರೂ ಬಲ್ಲರು, ಅಲ್ಲಿ ಅದಕ್ಕೆ ಒಂದು ಹೆಸರಿದೆ. ಹಳೆಯ ಶಾಲೆಯ ಗೆಳೆಯ ಬೇರೆ ಶಾಲೆಗೆ ಹೋಗಿದ್ದರೆ ಅವರಿಬ್ಬರೂ ವಾರಕ್ಕೊಮ್ಮೆ ಸಿಗುವಂತೆ ನೋಡಿಕೊಳ್ಳಿ. ಮಲಗುವ ಕೋಣೆ ಬದಲಿಸುವುದು, ಹೊಸ ಟ್ಯೂಷನ್ ಸೇರಿಸುವುದು, ಕೈಯಲ್ಲಿದ್ದ ಫೋನ್ ಕಿತ್ತಿಟ್ಟು ಹೊಸ ಕಟ್ಟುಪಾಡು ತರುವುದು, ಇದೆಲ್ಲ ನಾಲ್ಕು ತಿಂಗಳು ತಡೆಯಬಹುದಾದರೆ ತಡೆಯಲಿ. ಓದಿನ ಹೆಸರಿನಲ್ಲಿ ಮಗುವಿನ ನೆಮ್ಮದಿಯ ವಲಯವನ್ನೇ ಮೊದಲು ಕಡಿದುಹಾಕುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಪ್ರೀತಿಯಿಂದಲೇ ಮಾಡುವ ತಪ್ಪು, ಆದರೆ ತಪ್ಪು.

ಸಾರಥ್ಯ ಒಪ್ಪಿಸುವ ಬಗೆ

ಮತ್ತೆ ಆ ಬ್ಯಾಗಿನ ಹತ್ತಿರ ಬರೋಣ. ಮರುದಿನದಿಂದ ಎರಡು ದಾರಿಗಳು ನನ್ನ ಮುಂದಿದ್ದವು. ದಿನಾ ರಾತ್ರಿ ನಾನೇ ಟೈಮ್‌ಟೇಬಲ್ ನೋಡಿ ಬ್ಯಾಗು ತುಂಬಿಕೊಡಬಹುದಿತ್ತು. ಇಲ್ಲವೇ "ದೊಡ್ಡವನಾಗಿದ್ದೀಯ, ನೀನೇ ನೋಡ್ಕೋ" ಎಂದು ಕೈಬಿಡಬಹುದಿತ್ತು. ಮೊದಲನೆಯದರಲ್ಲಿ ಅವನು ಏನೂ ಕಲಿಯುವುದಿಲ್ಲ, ಎರಡನೆಯದರಲ್ಲಿ ತಾನು ಕೈಲಾಗದವನು ಎಂಬುದೊಂದನ್ನೇ ಕಲಿಯುತ್ತಾನೆ.

ಇವೆರಡರ ನಡುವಿನ ದಾರಿಗೆ ಶಿಕ್ಷಣಶಾಸ್ತ್ರದಲ್ಲಿ ಒಂದು ಹೋಲಿಕೆ ಇದೆ. ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಬಳಕೆಗೆ ತಂದದ್ದು. ಕಟ್ಟಡ ಕಟ್ಟುವಾಗ ಸಾರವೆ ಕಟ್ಟುತ್ತಾರಲ್ಲ, ಹಾಗೆ ನೆರವು. ಗೋಡೆ ಏಳುವ ತನಕ ಸಾರವೆ ಬೇಕು, ಗೋಡೆ ಒಣಗಿದ ಮೇಲೆ ಬಿಚ್ಚಬೇಕು. ಬಿಚ್ಚುವ ದಿನವನ್ನು ಕಟ್ಟುವಾಗಲೇ ಯೋಚಿಸಿರಬೇಕು.

ನಾವು ಮಾಡಿದ್ದು ಇಷ್ಟು. ಟೈಮ್‌ಟೇಬಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವನ ಮೇಜಿನ ಮುಂದಿನ ಗೋಡೆಗೆ ಅಂಟಿಸಿದೆವು, ಇನ್ನೊಂದು ಪ್ರತಿ ಬ್ಯಾಗಿನ ಒಳಜೇಬಿಗೆ. ಪ್ರತಿ ವಿಷಯಕ್ಕೂ ಒಂದು ಬಣ್ಣ, ಆ ವಿಷಯದ ಎಲ್ಲ ಪುಸ್ತಕಗಳ ಬೆನ್ನಿಗೂ ಅದೇ ಬಣ್ಣದ ಚೀಟಿ. ಮೊದಲ ಎರಡು ವಾರ ರಾತ್ರಿ ನಾನು ಪಕ್ಕದಲ್ಲಿ ಕೂತು ಬಣ್ಣ ಓದಿ ಹೇಳಿದೆ, ಅವನು ಎತ್ತಿಟ್ಟ. ಮೂರನೇ ವಾರ ಅವನು ಓದಿಕೊಂಡು ಇಟ್ಟ, ನಾನು ನೋಡುತ್ತ ಕೂತೆ. ಐದನೇ ವಾರ ಬೇರೆ ಕೋಣೆಯಿಂದ "ಆಯ್ತೇನೋ?" ಎಂದಷ್ಟೇ ಕೇಳಿದೆ. ಒಂದು ದಿನ ಅವನು ಸಮಾಜದ ಪುಸ್ತಕ ಬಿಟ್ಟು ಹೋದದ್ದು ಬೆಳಗ್ಗೆ ನನಗೆ ಕಂಡಿತು. ಶಾಲೆಗೆ ಒಯ್ದು ಕೊಡಬೇಕೆಂದು ಮನಸ್ಸು ಎಳೆಯಿತು, ಕೊಡಲಿಲ್ಲ. ಅಂದು ಅವನಿಗೆ ಬೈಗುಳ ಬಿತ್ತು. ಮುಂದೆ ಆ ಬಣ್ಣ ತಪ್ಪಲಿಲ್ಲ. ಇದೇ ಕೆಲಸವನ್ನು ಮೊದಲ ವಾರವೇ ಮಾಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಯಾವಾಗ ಬೀಳಲು ಬಿಡಬೇಕೆಂಬುದಕ್ಕೆ ಸೂತ್ರವಿಲ್ಲ, ಬಿದ್ದರೆ ತಾನಾಗಿ ಏಳಬಲ್ಲದೇ ಎಂದು ನೋಡಿಕೊಳ್ಳಬೇಕು.

ಹೋಂವರ್ಕಿಗೆ ಸಹಾಯವಾದದ್ದು ಪೀಟರ್ ಗೊಲ್‌ವಿಟ್ಜರ್ ಎಂಬ ಮನೋವಿಜ್ಞಾನಿಯ ಕೆಲಸ. ಅವರು 1999ರಲ್ಲಿ ಬರೆದ ಪ್ರಬಂಧದ ತಿರುಳೆಂದರೆ, "ಚೆನ್ನಾಗಿ ಓದುತ್ತೇನೆ" ಎಂಬ ಸಂಕಲ್ಪಕ್ಕಿಂತ "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಎಂಬ ಗಂಟು ಹೆಚ್ಚು ನಿಲ್ಲುತ್ತದೆ. ನನ್ನ ಮಗ ಹಾಕಿಕೊಂಡ ಗಂಟು: ಶೂ ಬಿಚ್ಚಿದ ಕೂಡಲೇ ಡೈರಿ ತೆಗೆದು ಮೇಜಿನ ಮೇಲೆ ತೆರೆದಿಡುವುದು. ಓದುವುದಲ್ಲ, ತೆರೆದಿಡುವುದಷ್ಟೇ. ತೆರೆದಿಟ್ಟ ಡೈರಿ ತನ್ನ ಕೆಲಸ ತಾನೇ ಮಾಡಿಸಿಕೊಳ್ಳುತ್ತದೆ.

ಓದುವ ರೀತಿಯೂ ಈ ಹಂತದಲ್ಲಿ ಬದಲಾಗಬೇಕು, ಅದನ್ನೂ ಯಾರೂ ಹೇಳಿಕೊಡುವುದಿಲ್ಲ. ಪ್ರೈಮರಿಯಲ್ಲಿ ಎರಡು ಸಲ ಓದಿದರೆ ಸಾಕಾಗುತ್ತಿತ್ತು. ಈಗ ಸಾಲದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಓದಿದ್ದನ್ನೇ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದ ಮೇಲೆ ಪುಸ್ತಕ ನೋಡದೆ ನೆನಪಿನಿಂದ ಬರೆದವರು ಬಹಳ ಮುಂದಿದ್ದರು. ರಾತ್ರಿ ಎಲ್ಲ ಗೊತ್ತಿದೆ ಎಂದು ಮಲಗಿದ ಮಗು ಮುಂದಿನ ವಾರದ ಟೆಸ್ಟಿನಲ್ಲಿ ಖಾಲಿ ಹಾಳೆ ನೋಡುತ್ತ ಕೂರುವುದು ಏಕೆಂಬುದಕ್ಕೆ ಇದು ಉತ್ತರ. ಪುಸ್ತಕ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಲು ಹೇಳಿ. ಬಿಟ್ಟುಹೋದದ್ದನ್ನು ಆಮೇಲೆ ತೆರೆದು ನೋಡಲಿ.

ನಿದ್ದೆ

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ಹರೆಯ ಶುರುವಾದಂತೆ ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಮೊದಲಿಗಿಂತ ತಡವಾಗಿ ಏರತೊಡಗುತ್ತದೆ. ನಿದ್ದೆಯ ಸಂಶೋಧಕಿ ಮೇರಿ ಕಾರ್ಸ್‌ಕಡನ್ ಮತ್ತಿತರರ ದಶಕಗಳ ಕೆಲಸದಿಂದ ಇದು ಖಚಿತವಾಗಿದೆ. ಒಂಬತ್ತಕ್ಕೇ ತೂಕಡಿಸುತ್ತಿದ್ದ ಮಗು ಹತ್ತೂವರೆಯಾದರೂ ಕಣ್ಣು ಬಿಟ್ಟುಕೊಂಡಿರುವುದು ಹಟದಿಂದಲ್ಲ. ಅತ್ತ ದೊಡ್ಡ ಶಾಲೆ ದೂರವಿರುತ್ತದೆ, ಬೆಳಗ್ಗೆ ಬೇಗ ಏಳಬೇಕು. ಹತ್ತೂವರೆಗೆ ಮಲಗಿ ಐದೂವರೆಗೆ ಎದ್ದರೆ 7 ಗಂಟೆ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದ್ದು 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಈ ವಯಸ್ಸಿನವರ ಶಾಲೆ ಬೆಳಗ್ಗೆ 8:30ಕ್ಕೆ ಮುಂಚೆ ಶುರುವಾಗಬಾರದೆಂದಿತು. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಹೈಸ್ಕೂಲುಗಳಿಗೆ 8:30ಕ್ಕೆ ಮುಂಚೆ, ಅದರ ಕೆಳಗಿನ ಮಿಡ್ಲ್ ಸ್ಕೂಲುಗಳಿಗೆ 8ಕ್ಕೆ ಮುಂಚೆ ಬೇಡವೆಂದು ಕಾನೂನನ್ನೇ ಮಾಡಿ 2022ರಿಂದ ಜಾರಿಗೆ ತಂದಿತು.

ಶಾಲೆಯ ಗಂಟೆ ನಮ್ಮ ಕೈಯಲ್ಲಿಲ್ಲ. ರಾತ್ರಿ ಹೋಂವರ್ಕ್ ಮುಗಿಯದಿದ್ದರೆ ಒಂದು ಹೊತ್ತಿನ ಮೇಲೆ ಪುಸ್ತಕ ಮುಚ್ಚಿಸುವುದು ನಮ್ಮ ಕೈಯಲ್ಲಿದೆ. ನಾನು ಟೀಚರಿಗೆ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸುತ್ತಿದ್ದೆ: ಇಷ್ಟು ಹೊತ್ತು ಕೂತ, ಇಷ್ಟಾಯಿತು, ಮಲಗಿಸಿದೆ. ಯಾರೂ ಬೈಯಲಿಲ್ಲ. ಒಬ್ಬರು ಮಾರನೇ ದಿನದಿಂದ ಲೆಕ್ಕಗಳನ್ನು ಕಡಿಮೆ ಮಾಡಿದರು.

ಬಾಯಿ ಬಿಡಿಸುವುದು

"ಹೇಗಿತ್ತು ಸ್ಕೂಲು?" "ಚೆನ್ನಾಗಿತ್ತು." ಅಲ್ಲಿಗೆ ಮಾತು ಮುಗಿಯಿತು. ಇದು ಎಲ್ಲ ಮನೆಯಲ್ಲೂ ಇದ್ದದ್ದೇ. ಪ್ರಶ್ನೆ ಅಷ್ಟು ಅಗಲವಾಗಿದ್ದರೆ ದಿನವಿಡೀ ಸ್ಲೇಟು ತುಂಬಿಸಿಕೊಂಡು ಬಂದ ಮಗುವಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಬಂದ ಕೂಡಲೇ ಕೇಳದೆ ಅರ್ಧ ಗಂಟೆ ಬಿಟ್ಟು, ಮುಖ ಮುಖ ನೋಡದ ಜಾಗದಲ್ಲಿ, ಬಟ್ಟೆ ಮಡಿಸುವಾಗಲೋ ನಡೆದು ಹೋಗುವಾಗಲೋ ಸಣ್ಣದೊಂದು ಕೇಳಿ. ಇವತ್ತು ಊಟದ ಬಿಡುವಿನಲ್ಲಿ ಎಲ್ಲಿ ಕೂತಿದ್ದೆ? ಯಾವ ಮೇಷ್ಟ್ರ ದನಿ ಜೋರು? ಊಟಕ್ಕೆ ಎಲ್ಲಿ ಕೂತಿದ್ದೆ ಎಂಬ ಪ್ರಶ್ನೆಯ ಉತ್ತರವನ್ನು ನಾನು ಅಂಕಪಟ್ಟಿಗಿಂತ ಹೆಚ್ಚು ಗಮನದಿಂದ ಕೇಳುತ್ತೇನೆ. ತಿಂಗಳಾದರೂ "ಒಬ್ಬನೇ", "ಲೈಬ್ರರಿ ಹತ್ರ", "ಊಟ ಮಾಡ್ಲಿಲ್ಲ" ಎಂದೇ ಬರುತ್ತಿದ್ದರೆ ಅಲ್ಲಿ ನಮ್ಮ ಕೆಲಸ ಇದೆ.

ಗೆಳೆತನ ನಾವು ಮಾಡಿಸಿಕೊಡಲು ಬರುವುದಿಲ್ಲ, ಅದಕ್ಕೆ ಅವಕಾಶ ಮಾಡಿಕೊಡಬಹುದು. ಮೊದಲ ತಿಂಗಳಲ್ಲೇ ಶಾಲೆಯ ಯಾವುದಾದರೂ ತಂಡಕ್ಕೆ ಸೇರಿಸಿ, ಆಟ, ನಾಟಕ, ಗಾಯನ, ಯಾವುದೂ ಆಗಬಹುದು. ಒಟ್ಟಿಗೆ ಮಾಡುವ ಕೆಲಸವೊಂದಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಬರಿದೇ "ಹೋಗಿ ಮಾತಾಡು" ಎಂದರೆ ನಾಚಿಕೆಯ ಮಗು ಇನ್ನಷ್ಟು ಮುದುಡುತ್ತದೆ.

"ನನಗೊಬ್ಬನಿಗೇ ಹೀಗೆ" ಎಂಬ ನಂಬಿಕೆ ಎಷ್ಟು ಕೆಲಸ ಕೆಡಿಸುತ್ತದೆ ಎಂಬುದಕ್ಕೆ 2019ರಲ್ಲಿ ಜೆಫ್ರಿ ಬೋರ್ಮನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. ಅಮೆರಿಕದ ಮ್ಯಾಡಿಸನ್ ನಗರದ 11 ಶಾಲೆಗಳಲ್ಲಿ ಹೊಸದಾಗಿ ಆರನೇ ತರಗತಿಗೆ ಬಂದ 1,304 ಮಕ್ಕಳು ಅದರಲ್ಲಿದ್ದರು. ಅರ್ಧದಷ್ಟು ಮಕ್ಕಳಿಗೆ ವರ್ಷದ ಆರಂಭದಲ್ಲಿ ಎರಡು ಸಲ, ಸ್ವಲ್ಪ ಹೊತ್ತಿನ ಒಂದು ಬರವಣಿಗೆ. ಅವರಿಗಿಂತ ಒಂದು ವರ್ಷ ಮುಂದಿರುವವರು ತಮಗೂ ಮೊದಮೊದಲು ಹೆದರಿಕೆಯಾಗಿತ್ತು, ಇಲ್ಲಿ ಹೊಂದಿಕೊಳ್ಳಲಾರೆವು ಅನಿಸಿತ್ತು, ಆಮೇಲೆ ಸರಿಹೋಯಿತು ಎಂದು ಹೇಳಿದ್ದನ್ನು ಓದಿ ತಮ್ಮ ಅನುಭವ ಬರೆಯುವುದು. ಅಷ್ಟರಿಂದಲೇ ವರ್ಷದ ಕೊನೆಗೆ ಆ ಮಕ್ಕಳ ಗೈರುಹಾಜರಿ ಕಡಿಮೆಯಾಗಿತ್ತು, ಫೇಲಾಗುವುದು ಕಡಿಮೆಯಾಗಿತ್ತು, ಶಿಸ್ತಿನ ದೂರುಗಳೂ ಇಳಿದಿದ್ದವು. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ವಿಶೇಷ ತಜ್ಞರೂ ಬೇಡ. ಯಾವ ಶಾಲೆಯೂ ಮಾಡಬಹುದು. ಮೇಲಿನ ತರಗತಿಯ ಇಬ್ಬರನ್ನು ಕರೆದು ಹೊಸಬರ ಮುಂದೆ ಕೂರಿಸಿ "ನಿಮಗೆ ಮೊದಲ ವಾರ ಏನಾಗಿತ್ತು ಹೇಳ್ರೋ" ಎಂದರೆ ಸಾಕು. ನಾನು ಹಾಗೆ ಮಾಡಿಸಿದ ವರ್ಷ, ಎತ್ತರದ ಒಬ್ಬ ಹುಡುಗ ಎದ್ದು ನಿಂತು ತಾನು ಮೊದಲ ದಿನ ಶೌಚಾಲಯ ಎಲ್ಲಿದೆ ಎಂದು ಕೇಳಲು ಹೆದರಿ ಸಂಜೆಯ ತನಕ ತಡೆದುಕೊಂಡಿದ್ದೆ ಅಂದ. ಕೋಣೆಯಲ್ಲಿ ಒಂದು ಉಸಿರು ಹೊರಬಂದದ್ದು ನನಗೆ ಕೇಳಿಸಿತು.

ಶಾಲೆಯವರಿಗೆ ನನ್ನದು ಒಂದೇ ಬೇಡಿಕೆ: ಹೊಸದಾಗಿ ಬಂದ ಪ್ರತಿ ಮಗುವಿಗೂ ಹೆಸರು ಹಿಡಿದು ಕರೆಯುವ, ವಾರಕ್ಕೊಮ್ಮೆಯಾದರೂ ಪಾಠದ ಹೊರತಾಗಿ ಎರಡು ಮಾತಾಡುವ ಒಬ್ಬ ದೊಡ್ಡವರು ಇರಲಿ. ಯಾವ ಮಗು ಯಾರ ಪಾಲಿಗೆ ಎಂದು ಸ್ಟಾಫ್ ರೂಮಿನಲ್ಲಿ ಪಟ್ಟಿ ಮಾಡಿ, ಯಾರ ಪಾಲಿಗೂ ಬಾರದ ಹೆಸರುಗಳನ್ನು ಮೊದಲು ನೋಡಬೇಕು.

ಹೊಂದಿಕೊಳ್ಳುವ ತಾಪತ್ರಯ ಯಾವುದು, ಅದನ್ನು ಮೀರಿದ್ದು ಯಾವುದು ಎಂದು ಹಲವರು ಕೇಳುತ್ತಾರೆ. ಸುಸ್ತು, ಸಿಡುಕು, ಬ್ಯಾಗಿನ ಗೊಂದಲ, ಒಂದೆರಡು ಟೆಸ್ಟಿನಲ್ಲಿ ಕಡಿಮೆ ಅಂಕ, ಇವೆಲ್ಲ ವಾರದಿಂದ ವಾರಕ್ಕೆ ತಿಳಿಯಾಗುತ್ತ ಬರಬೇಕು. ತಿಳಿಯಾಗುವ ಬದಲು ಗಟ್ಟಿಯಾಗುತ್ತಿದ್ದರೆ ಕಾಯಬಾರದು. ಶಾಲೆಯ ದಿನ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವು, ಹರಿದ ಬಟ್ಟೆ, ಕಳೆದುಹೋಗುತ್ತಲೇ ಇರುವ ವಸ್ತುಗಳು, ಇಷ್ಟವಿದ್ದ ಆಟದಲ್ಲೂ ಮನಸ್ಸಿಲ್ಲದಿರುವುದು, ನಿದ್ದೆ ಊಟ ಕೆಡುವುದು, ಇವು ಕಂಡರೆ ಮೊದಲು ಕ್ಲಾಸ್ ಟೀಚರನ್ನು, ಅಗತ್ಯವಿದ್ದರೆ ಶಾಲೆಯ ಆಪ್ತಸಮಾಲೋಚಕರನ್ನು ಅಥವಾ ವೈದ್ಯರನ್ನು ಕಾಣಬೇಕು. ಸಾಯುವ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಇದ್ದರೆ ಅದೇ ದಿನ. ಹೊಟ್ಟೆನೋವನ್ನು ನಾಟಕ ಎನ್ನಬೇಡಿ. ಹೆದರಿಕೆಯಿಂದ ಬರುವ ನೋವೂ ಹೊಟ್ಟೆಯಲ್ಲೇ ನೋಯುತ್ತದೆ. ಹಾಗೆಂದು ವಾರಗಟ್ಟಲೆ ಮನೆಯಲ್ಲಿ ಉಳಿಸಿಕೊಂಡರೆ ಹೆದರಿಕೆ ಬೇರು ಬಿಡುತ್ತದೆ. ಕಾರಣ ಹುಡುಕುತ್ತಲೇ, ಅರ್ಧ ದಿನವಾದರೂ ಸರಿ, ಶಾಲೆಯ ನಂಟು ಕಡಿಯದಂತೆ ನೋಡಿಕೊಳ್ಳಬೇಕು. ಯಾರಾದರೂ ಮಗುವನ್ನು ಪೀಡಿಸುತ್ತಿದ್ದಾರೆಂದು ಗೊತ್ತಾದರೆ ಮಾತ್ರ ಮೊದಲು ಆ ಪೀಡೆ ನಿಲ್ಲಬೇಕು.

ನನ್ನ ಮಗನ ಲ್ಯಾಬ್ ರೆಕಾರ್ಡ್ ನಾಲ್ಕು ದಿನದ ಮೇಲೆ ಸಿಕ್ಕಿತು, ಲ್ಯಾಬಿನಲ್ಲೇ. ಹತ್ತನೇ ವಾರವೋ ಹನ್ನೊಂದನೆಯದೋ, ಒಂದು ಸಂಜೆ ಅವನ ಮೇಜಿನ ಮೇಲೆ ಜಾಮಿಟ್ರಿ ಬಾಕ್ಸ್ ಕಂಡಿತು. ಅಂದು ಗಣಿತದ ಟೆಸ್ಟ್ ಇತ್ತು. ಅವನು ಬಂದು ಶೂ ಬಿಚ್ಚುವಾಗ ಕೇಳಿದೆ, "ಬಾಕ್ಸ್ ಬಿಟ್ಟೋಗಿದ್ಯಲ್ಲೋ, ಏನ್ ಮಾಡ್ದೆ?"

"ಪಕ್ಕದವನ ಹತ್ರ ಇಸ್ಕೊಂಡೆ ಕಣಮ್ಮ" ಅಂದು ಡೈರಿ ತೆಗೆದು ಮೇಜಿನ ಮೇಲೆ ತೆರೆದಿಟ್ಟ.

"ಯಾರು ಪಕ್ಕದವನು?"

ಹೆಸರು ಹೇಳಿದ. ಆಮೇಲೆ ಕೇಳದೆಯೇ, ಅವನ ಮನೆ ಎಲ್ಲಿ, ಅವನಿಗೆ ಯಾವ ಆಟ ಇಷ್ಟ, ಅವನೂ ಒಂದು ಸಲ ರೆಕಾರ್ಡ್ ಕಳೆದುಕೊಂಡು ಹುಡುಕಿದ್ದು, ಎಲ್ಲವನ್ನೂ ಹೇಳತೊಡಗಿದ.